ಆರೋಗ್ಯ ವಿಮೆ ಮಾರಾಟದ ಕೆಲಸಕ್ಕೆ ಸೇರಬಹುದೇ?

ಪ್ರಶ್ನೆ:
ನಮಸ್ಕಾರ. ನಾನು ದಾವಣಗೆರೆಯವನು. ಬಿ.ಕಾಂ. ಮುಗಿಸಿ ಒಂದು ವರ್ಷವಾಗಿದೆ. ಆರೋಗ್ಯ ವಿಮೆಯನ್ನು ಫೋನಿನಲ್ಲೇ ಮಾರುವ ಬೆಂಗಳೂರಿನ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿದೆ. ಸಂದರ್ಶನದಲ್ಲಿ ಅವರು ಸಂಬಳಕ್ಕಿಂತ ಇನ್ಸೆಂಟಿವ್ ಬಗ್ಗೆಯೇ ಹೆಚ್ಚು ಹೇಳಿದರು. ತಂದೆಯವರ ಹೃದಯದ ಚಿಕಿತ್ಸೆಗಾಗಿ ಸಾಲ ಮಾಡಿ, ಅದನ್ನು ಇಂದಿಗೂ ತೀರಿಸುತ್ತಿರುವ ಮನೆ ನಮ್ಮದು; ಹಾಗಾಗಿ ವಿಮೆ ಎಷ್ಟು ಮುಖ್ಯವೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸುಳ್ಳು ಹೇಳಿ ಮಾರಬೇಕಾಗುತ್ತದೆಯೇ ಎಂಬ ಅಳುಕಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1:
ಇಂಥದ್ದೇ ಕಂಪನಿಯಲ್ಲಿ ಮೂರು ವರ್ಷ ದುಡಿದು ಹೊರಬಂದವಳು ನಾನು. ಬೆಳಿಗ್ಗೆ ಟಾರ್ಗೆಟ್ ಮೀಟಿಂಗ್, ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕುಳಿತರೆ ಒಂದು ಕರೆ ಮುಗಿಯುತ್ತಿದ್ದಂತೆ ಯಂತ್ರವೇ ಮುಂದಿನ ಕರೆ ಹಚ್ಚುತ್ತದೆ. ಬೈಗುಳ ಕೆಲವೇ ವಾರಗಳಲ್ಲಿ ಅಭ್ಯಾಸವಾಗುತ್ತದೆ. ನಿಜವಾದ ಕಷ್ಟವಿರುವುದು "ನಿಮಗೆ ಶುಗರ್, ಬಿ.ಪಿ. ಇದೆಯೇ?" ಎಂದು ಕೇಳುವ ಘಳಿಗೆಯಲ್ಲಿ. ತುಮಕೂರಿನ ಕಡೆಯ ಗ್ರಾಹಕರೊಬ್ಬರು ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿರುವುದಾಗಿ ಹೇಳಿದಾಗ, ಪಕ್ಕದಲ್ಲಿ ನಿಂತಿದ್ದ ಟೀಮ್ ಲೀಡರ್ "ಇಲ್ಲ" ಎಂದು ತುಂಬಲು ಕೈಸನ್ನೆ ಮಾಡಿದರು. ನಾನು "ಹೌದು" ಎಂದೇ ತುಂಬಿದೆ. ವೈದ್ಯಕೀಯ ತಪಾಸಣೆ ಆಗಬೇಕೆಂದಾಯಿತು, ಪ್ರೀಮಿಯಂ ಹೆಚ್ಚಿತು, ಅವರು ಪಾಲಿಸಿ ಬೇಡವೆಂದರು, ಆ ತಿಂಗಳ ಟಾರ್ಗೆಟ್ ಕೈತಪ್ಪಿತು.

ಇದರಲ್ಲಿ ಗ್ರಾಹಕರಿಗೆ ಆಗುವ ಅನ್ಯಾಯವನ್ನು ನೀವು ಸರಿಯಾಗಿ ಅರಿತಿರಬೇಕು. 2024ರ ನಿಯಮಗಳ ಪ್ರಕಾರ, ಮೊದಲೇ ಇದ್ದು ಫಾರಂನಲ್ಲಿ ತಿಳಿಸಿದ ಕಾಯಿಲೆಯ ಖರ್ಚು ಕೊಡಲು ವಿಮಾ ಕಂಪನಿ ಹೆಚ್ಚೆಂದರೆ 3 ವರ್ಷ ಕಾಯಿಸಬಹುದು. ಮುಚ್ಚಿಟ್ಟಿದ್ದು ಮೊದಲ 5 ವರ್ಷಗಳೊಳಗೆ ಬಯಲಾದರೆ ಕ್ಲೇಮ್ ತಿರಸ್ಕಾರವಾಗಿ ಪಾಲಿಸಿಯೇ ರದ್ದಾಗಬಹುದು. ಅಷ್ಟರಲ್ಲಿ ಫಾರಂ ತುಂಬಿದವರು ಇನ್ಸೆಂಟಿವ್ ಪಡೆದು ಬೇರೆ ಕಂಪನಿ ಸೇರಿರುತ್ತಾರೆ, ಆಸ್ಪತ್ರೆಯ ಬಿಲ್ಲಿನ ಮುಂದೆ ನಿಲ್ಲುವುದು ಆ ಕುಟುಂಬ.

ಉತ್ತರ 2:
ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷಗಳಿಂದ ಏಜೆಂಟ್ ಆಗಿದ್ದೇನೆ. ಮೇಲಿನವರು ಬರೆದದ್ದು ಸತ್ಯ, ಆದರೆ ಕೆಲಸವೇ ಕೆಟ್ಟದ್ದಲ್ಲ. ಪಾಲಿಸಿ ಕೊಟ್ಟ ದಿನ ನಮ್ಮ ಕೆಲಸ ಮುಗಿಯುವುದಿಲ್ಲ; ರಾತ್ರಿ ಹನ್ನೊಂದಕ್ಕೆ "ಅಮ್ಮನನ್ನು ಅಡ್ಮಿಟ್ ಮಾಡಿದ್ದೇವೆ" ಎಂದು ಫೋನ್ ಬಂದಾಗ ಅದು ಶುರುವಾಗುತ್ತದೆ. 3 ಲಕ್ಷದ ಪಾಲಿಸಿಯಲ್ಲಿ ಕೋಣೆಯ ಬಾಡಿಗೆಗೆ ಶೇ. 1ರ ಮಿತಿ ಇದ್ದರೆ ದಿನಕ್ಕೆ 3,000 ರೂಪಾಯಿ ಮಾತ್ರ. ಅವರು 6,000 ರೂಪಾಯಿಯ ಕೋಣೆ ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಖರ್ಚೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಇದನ್ನು ಮಾರುವಾಗಲೇ ಬಿಡಿಸಿ ಹೇಳದ ಏಜೆಂಟ್ ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸವನ್ನೂ ಮಾಡಿಲ್ಲ.

ಇನ್ನೊಂದು ಮಾತು: ಕಮಿಷನ್‌ನಲ್ಲಿ ಪಾಲು ಕೇಳುವ ಗ್ರಾಹಕರು ಬಹಳ. ಹಾಗೆ ಕೊಡುವುದನ್ನು 1938ರ ವಿಮಾ ಕಾಯ್ದೆಯ 41ನೇ ಕಲಂ ನಿಷೇಧಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿ ಹೋಗಿದೆ ಎಂದು ತಿಳಿಸಿ, ಪಾಲು ಕೊಡಲು ವಿನಯದಿಂದ ನಿರಾಕರಿಸುತ್ತೇನೆ.

ಉತ್ತರ 3:
ನಾನು ಈಗಲೂ ಫೋನ್ ಮಾರಾಟದಲ್ಲೇ ಇದ್ದೇನೆ. ಎಲ್ಲ ಕಂಪನಿಗಳೂ ಒಂದೇ ತರಹ ಇಲ್ಲ. ನಮ್ಮಲ್ಲಿ ಧ್ವನಿಮುದ್ರಣವನ್ನು ಬೇರೆಯೇ ತಂಡ ಕೇಳುತ್ತದೆ, ಕಾಯಿಲೆ ಮುಚ್ಚಿಟ್ಟು ಫಾರಂ ತುಂಬಿದವರನ್ನು ಕೆಲಸದಿಂದ ತೆಗೆದದ್ದನ್ನು ನಾನೇ ನೋಡಿದ್ದೇನೆ. ಸೇರುವ ಮುನ್ನ ಎರಡು ವಿಷಯ ಕೇಳಿ. ಫಾರಂನ ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ತುಂಬುವವರು ಗ್ರಾಹಕರೇ, ನೀವೇ? ಪಾಲಿಸಿ ಕೈಸೇರಿದ 30 ದಿನಗಳೊಳಗೆ ಗ್ರಾಹಕರು ಅದನ್ನು ಹಿಂದಿರುಗಿಸಬಹುದು; ಹಾಗೆ ಹಿಂದಿರುಗಿಸಿದರೆ ನಿಮಗೆ ಕೊಟ್ಟ ಇನ್ಸೆಂಟಿವ್ ಅನ್ನು ವಾಪಸ್ ಪಡೆಯುತ್ತಾರೆಯೇ? ಪಡೆಯುತ್ತೇವೆ ಎಂದರೆ ಬೇಸರಪಡಬೇಡಿ, ತಪ್ಪು ಹೇಳಿ ಮಾರುವುದಕ್ಕೆ ಅಲ್ಲಿ ತಡೆ ಇದೆ ಎಂದರ್ಥ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸೋಮವಾರ ಎಚ್.ಆರ್. ಅವರಿಗೆ ಫೋನ್ ಮಾಡಿ ಈ ಎರಡನ್ನೂ ಕೇಳುತ್ತೇನೆ. ಹುಬ್ಬಳ್ಳಿಯ ಸರ್, ಏಜೆಂಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದಿರಾ ಎಂದು ತಿಳಿಸಿದರೆ ಉಪಕಾರವಾಗುತ್ತದೆ.