ಹಳೆ ಕಾರು ಆಯಿಲ್ ಕುಡಿಯುತ್ತಿದೆಯಾ? ಮೆಕ್ಯಾನಿಕ್ ಅಣ್ಣನನ್ನು ಕೇಳಿ

ಅಡ್ಮಿನ್: ಶಿವಮೊಗ್ಗ ಸಾಗರ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಮೆಕ್ಯಾನಿಕ್ ಅಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಕಾರಿನ ವರ್ಷ, ಪೆಟ್ರೋಲೋ ಡೀಸೆಲೋ, ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಅಂತ ಬರೆಯಿರಿ.

ತೀರ್ಥಹಳ್ಳಿ ಪೇಟೆ: ಅಣ್ಣ, ನಮಸ್ಕಾರ. 2006ರ ಪೆಟ್ರೋಲ್ ಕಾರು. ಸಾವಿರ ಕಿಲೋಮೀಟರಿಗೆ 600 ಮಿಲಿ ಹೋಗುತ್ತದೆ. ಊರೊಳಗೆ ಹೊಗೆ ಇಲ್ಲ. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂದೆ ನೀಲಿ ಹೊಗೆ. ಇಲ್ಲಿಯ ಗ್ಯಾರೇಜಿನವರು ಎಂಜಿನ್ ಇಳಿಸಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು ಅಂತಾರೆ.

ಮೆಕ್ಯಾನಿಕ್: ಇಳಿಸಬೇಡಿ, ಈಗಲೇ ಬೇಡ. ಘಾಟಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಕಾಲು ತೆಗೆದಿರುತ್ತೀರಿ. ಆಗ ಎಂಜಿನ್ ಒಳಗೆ ಜೋರು ಎಳೆತ ಇರುತ್ತದೆ. ವಾಲ್ವ್ ಸೀಲ್, ಅಂದರೆ ವಾಲ್ವ್ ಸುತ್ತ ಆಯಿಲ್ ತಡೆಯುವ ರಬ್ಬರ್, ಗಟ್ಟಿಯಾಗಿದ್ದರೆ ಆ ಸಂದಿಯಿಂದ ಆಯಿಲ್ ಒಳಗೆ ಬರುತ್ತದೆ. ಕೆಳಗೆ ಬಂದು ಒತ್ತಿದಾಗ ಅದೇ ಉರಿದು ಹೊಗೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ಸಲ ಹೊಗೆ ಬಂದು ನಿಂತರೆ ಅನುಮಾನ ಇನ್ನೂ ಗಟ್ಟಿ. ಪಿಸ್ಟನ್ ಸುತ್ತಿನ ರಿಂಗ್ ಸವೆದಿದ್ದರೆ ಏರು ಹತ್ತುವಾಗಲೂ, ಸ್ಪೀಡಿನಲ್ಲೂ ಬಿಡದೆ ಹೊಗೆ ಬರುತ್ತದೆ. ಮೊದಲು ಎಂಜಿನ್ ಒಳಗಿನ ಆವಿಯನ್ನು ಗಾಳಿಯ ದಾರಿಗೆ ಬಿಡುವ ಪಿಸಿವಿ ವಾಲ್ವ್ ನೋಡಿಸಿ, ಕಡಿಮೆ ದುಡ್ಡಿನ ಕೆಲಸ. ಆಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ಎಲ್ಲ ಸಿಲಿಂಡರಿನಲ್ಲೂ ಸರಿಯಾಗಿ, ಒಂದೇ ಸಮ ಬಂದರೆ ವಾಲ್ವ್ ಸೀಲ್ ಮೊದಲು. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ರಿಂಗ್. ಗೇಜ್ ಹಾಕದೆ ಬೋರ್ ಮಾಡಿ ಅನ್ನುವವರಿಗೆ ಕಾರು ಕೊಡಬೇಡಿ.

ಭದ್ರಾವತಿ: ಸಾವಿರಕ್ಕೆ 200 ಮಿಲಿ. ಜಾಸ್ತಿ ಅಲ್ವಾ ಸರ್?

ಮೆಕ್ಯಾನಿಕ್: ಹಳೆ ಕಾರಿಗೆ ಅಷ್ಟು ಇದ್ದದ್ದೇ. ಟಾಪ್ ಅಪ್ ಮಾಡಿ, ಬರೆದಿಡಿ. ಒಂದು ಲೀಟರಿನ ಹತ್ತಿರ ಹೋದರೆ ಬನ್ನಿ.

ಹೊಸನಗರ ತೋಟ: ನಮ್ಮದು ದಿನಾ ಒಂದೊಂದು ಲೆವೆಲ್ ತೋರಿಸುತ್ತದೆ.

ಮೆಕ್ಯಾನಿಕ್: ಅಂಗಳ ಇಳಿಜಾರಾ? ಸಮ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಬಿಸಿ ಆದ ಮೇಲೆ ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ನೋಡಿ.

ಸಾಗರ: ಒಂದು ಫಾರ್ವರ್ಡ್ ಬಂದಿದೆ. "ಅರ್ಧ ಲೀಟರ್ ಸೀಮೆಎಣ್ಣೆ ಆಯಿಲ್ ಜೊತೆ ಹಾಕಿ ಹತ್ತು ನಿಮಿಷ ಓಡಿಸಿ, ರಿಂಗ್ ಕ್ಲೀನ್ ಆಗಿ ಆಯಿಲ್ ಕುಡಿಯುವುದು ನಿಲ್ಲುತ್ತದೆ." ಮಾಡಬಹುದಾ?

ಮೆಕ್ಯಾನಿಕ್: ಬೇಡ. ಸೀಮೆಎಣ್ಣೆ ಆಯಿಲನ್ನು ನೀರು ಮಾಡುತ್ತದೆ. ಬೇರಿಂಗ್ ಮೇಲಿನ ಪದರ ಹೋಗುತ್ತದೆ. ತಳದ ಕೆಸರು ಎದ್ದು ಆಯಿಲ್ ಸೋಸುವ ಸ್ಟ್ರೈನರಿಗೆ ಅಡ್ಡ ಕೂರುತ್ತದೆ. ಆಮೇಲೆ ಆಯಿಲ್ ಕುಡಿಯುವ ಎಂಜಿನ್ ಹೋಗಿ ಜಾಮ್ ಆದ ಎಂಜಿನ್ ಬರುತ್ತದೆ. ಇದನ್ನು ಬರೆದವರು ನಿಮ್ಮ ಎಂಜಿನ್ ಕಟ್ಟಿಕೊಡಲು ಬರುವುದಿಲ್ಲ.

ರಿಪ್ಪನ್‌ಪೇಟೆ: ಅಣ್ಣ, 2011ರ ಟರ್ಬೊ ಡೀಸೆಲ್, ಮ್ಯಾನುಯಲ್ ಗೇರ್. 700 ಕಿಲೋಮೀಟರಿಗೆ ಒಂದು ಲೀಟರ್. ಮಗಳು ಇದರಲ್ಲೇ ಶಿವಮೊಗ್ಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಮನೆಗೆ ಬಂದು ಕೀ ಆಫ್ ಮಾಡಿದರೂ ಎಂಜಿನ್ ಸ್ವಲ್ಪ ಹೊತ್ತು ಓಡಿತು, ಸದ್ದು ಜೋರಾಯಿತು, ಹೊಗೆ ತುಂಬಿತು. ಆಯಿಲ್ ಖಾಲಿಯಾಗದಿರಲಿ ಅಂತ ಒಬ್ಬರು ಹೇಳಿದ್ದಕ್ಕೆ ಮ್ಯಾಕ್ಸ್ ಗೆರೆಗಿಂತ ಮೇಲೆ ತುಂಬಿಸಿದ್ದೇವೆ.

ಮೆಕ್ಯಾನಿಕ್: ಆ ಕಾರನ್ನು ಇನ್ನು ಸ್ಟಾರ್ಟ್ ಮಾಡಬೇಡಿ. ಮಗಳ ಕೈಯಿಂದ ಕೀ ಈಗಲೇ ತೆಗೆದುಕೊಳ್ಳಿ.

ಯಾಕೆ ಅಂದರೆ, ಪೆಟ್ರೋಲ್ ಎಂಜಿನ್ನಿಗೆ ಕಿಡಿ ನಿಲ್ಲಿಸಿದರೆ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಒತ್ತಡದ ಬಿಸಿಗೇ ಉರಿಯುತ್ತದೆ. ಕೀ ತೆಗೆದರೆ ಡೀಸೆಲ್ ನಿಲ್ಲುತ್ತದೆ ಅಷ್ಟೇ. ಗಾಳಿಯ ದಾರಿಯಲ್ಲಿ ಎಂಜಿನ್ ಆಯಿಲ್ ಬರುತ್ತಿದ್ದರೆ ಅದನ್ನೇ ಉರಿಸಿಕೊಂಡು ಓಡುತ್ತದೆ. ಸ್ಪೀಡ್ ಏರುತ್ತಲೇ ಹೋಗುತ್ತದೆ. ಆಯಿಲ್ ಮುಗಿಯಬೇಕು, ಇಲ್ಲ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆಯಬೇಕು. ನಿಮಗೆ ಮೊನ್ನೆ ಅದರ ಮೊದಲ ಸೂಚನೆ ಬಂದಿದೆ.

ಮ್ಯಾಕ್ಸ್ ಮೇಲೆ ತುಂಬಿಸಿದ್ದು ಇನ್ನೂ ಅಪಾಯ. ಜಾಸ್ತಿ ಆಯಿಲನ್ನು ಕೆಳಗೆ ತಿರುಗುವ ಕ್ರ್ಯಾಂಕ್ ಕಡೆದು, ಎಂಜಿನ್ನಿನ ಆವಿ ಹೋಗುವ ಬ್ರೀದರ್ ಪೈಪಿನಿಂದ ಗಾಳಿಯ ದಾರಿಗೆ ಕಳಿಸುತ್ತದೆ. ತಣ್ಣಗಿದ್ದಾಗ ಕೆಳಗಿನ ಬೋಲ್ಟ್ ಬಿಚ್ಚಿ ಆ ಜಾಸ್ತಿ ಆಯಿಲ್ ತೆಗೆಸಿ.

ಟರ್ಬೊ ಎಂಜಿನ್ನಿಗೆ ಒತ್ತುವ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿನ ಪೈಪನ್ನು ಗ್ಯಾರೇಜಿನವರು ಬಿಚ್ಚಲಿ. ಒಳಗೆ ತೆಳು ಪಸೆ ಇದ್ದರೆ ಸಹಜ, ಆಯಿಲ್ ನಿಂತಿದ್ದರೆ ಅಲ್ಲ. ಟರ್ಬೊ ಶಾಫ್ಟ್ ಹಿಂದೆ ಮುಂದೆ ಆಡುತ್ತದಾ, ಫ್ಯಾನ್ ಗೋಡೆಗೆ ತಾಗಿದೆಯಾ ನೋಡಲಿ. ಆದರೆ ಟರ್ಬೊ ಬದಲಿಸಿ ಸುಮ್ನೆ ಕೂರಬೇಡಿ. ರಿಂಗ್ ಸವೆದು ಎಂಜಿನ್ ಒಳಗೆ ಒತ್ತಡ ತುಂಬಿದ್ದರೆ, ಇಲ್ಲ ರಿಟರ್ನ್ ಪೈಪ್ ಕಟ್ಟಿದ್ದರೆ, ಟರ್ಬೊದ ಆಯಿಲ್ ಕೆಳಗೆ ಇಳಿಯುವುದಿಲ್ಲ. ಹೊಸ ಟರ್ಬೊನೂ ಸೋರುತ್ತದೆ. ಎರಡನ್ನೂ ನೋಡಿಸಿ.

ರಸ್ತೆಯಲ್ಲಿ ಹೀಗಾದರೆ: ಬ್ರೇಕ್ ಗಟ್ಟಿ ಒತ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ಬಂದ್ ಆಗಬೇಕು. ಆಗದಿದ್ದರೆ ಇಳಿದು ದೂರ ಹೋಗಿ. ಬಾನೆಟ್ ಎತ್ತಿ ಗಾಳಿಯ ಬಾಯಿಗೆ ಕೈ ಒಡ್ಡಬೇಡಿ. ಮಗಳಿಗೂ ಇದನ್ನು ಹೇಳಿಕೊಡಿ.

ಕೊಪ್ಪ: ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ತರ ಬಿಳಿ ಬರುತ್ತದೆ.

ಮೆಕ್ಯಾನಿಕ್: ದಿನಾ ಪೇಟೆಗೆ ಮಾತ್ರ ಹೋಗಿ ಬರುತ್ತೀರಾ? ಎಂಜಿನ್ ಪೂರ್ತಿ ಬಿಸಿಯಾಗದೆ ನೀರಾವಿ ಉಳಿದಿರುತ್ತದೆ. ಕೂಲಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಶಿಕಾರಿಪುರ: ಇಷ್ಟೆಲ್ಲ ಯಾಕೆ? 20ಡಬ್ಲ್ಯು-50 ದಪ್ಪ ಆಯಿಲ್ ಹಾಕಿದರೆ ಮುಗಿಯಿತು. ನನ್ನ ಕಾರಿಗೆ ಅದೇ ಮಾಡಿದ್ದು.

ಸೊರಬ: ಕಂಪನಿ ಬುಕ್ಕಿನಲ್ಲಿ ತೆಳು ಆಯಿಲ್, 5ಡಬ್ಲ್ಯು-30 ಅಂತ ಇದ್ದರೆ?

ಶಿಕಾರಿಪುರ: ಬುಕ್ ಹೊಸ ಕಾರಿಗೆ. ಹಳೆಯದಕ್ಕೆ ದಪ್ಪ ಆಯಿಲೇ ಬೇಕು.

ಸೊರಬ: ಬೆಳಿಗ್ಗೆ ಚಳಿಯಲ್ಲಿ ದಪ್ಪ ಆಯಿಲ್ ಮೇಲೆ ಹತ್ತುವ ಹೊತ್ತಿಗೆ ವಾಲ್ವ್ ಒತ್ತುವ ಕ್ಯಾಮ್ ಸವೆದಿರುತ್ತದೆ ಮಾರಾಯ್ರೆ. ಅರ್ಧ ತಿಳಿದು ಎಲ್ಲರಿಗೂ ಹೇಳಬೇಡಿ.

ಶಿಕಾರಿಪುರ: ನೀವು ಎಷ್ಟು ಎಂಜಿನ್ ಬಿಚ್ಚಿದ್ದೀರಿ?

ಮೆಕ್ಯಾನಿಕ್: ಬುಕ್ಕಿನಲ್ಲಿ ಒಪ್ಪಿದ ಗ್ರೇಡುಗಳಲ್ಲಿ ದಪ್ಪದ್ದು ಹಾಕಬಹುದು. ಸ್ವಲ್ಪ ಕಡಿಮೆಯಾಗಬಹುದು, ಸವೆದದ್ದು ಸರಿಯಾಗುವುದಿಲ್ಲ. ರಿಪ್ಪನ್‌ಪೇಟೆಯವರು ಇದನ್ನು ಓದಿ ದಪ್ಪ ಆಯಿಲ್ ಹಾಕಿ ಓಡಿಸಬಾರದು.

ಗಾಜನೂರು: 15 ವರ್ಷ ದಾಟಿದ ಕಾರಿಗೆ ಆರ್‌ಸಿ ರಿನ್ಯೂವಲ್, ಎಫ್‌ಸಿ, ಈ ಹೊಗೆ. ಗುಜರಿಗೆ ಹಾಕಿ, ಊರಿನ ಗಾಳಿ ಉಳಿಯಲಿ.

ತೀರ್ಥಹಳ್ಳಿ ಪೇಟೆ: ನಮ್ಮಪ್ಪ ಅಡಿಕೆ ಮಾರಿ ತೆಗೆದ ಕಾರು. ಗುಜರಿ ಮಾತು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ.

ಗಾಜನೂರು: ನಾನು ಯಾರ ಹೆಸರೂ ಹೇಳಿಲ್ಲ.

ಚನ್ನಗಿರಿ: ಎಲ್‌ಪಿಜಿ ಕಿಟ್ ಹಾಕಿಸಿದ ಮೇಲೆ ಆಯಿಲ್ ಬೇಗ ಖಾಲಿಯಾಗುತ್ತದಾ?

ಶಿರಾಳಕೊಪ್ಪ: ಸಾವಿರಕ್ಕೆ 250 ಮಿಲಿ. ಜಾಸ್ತಿಯಾ?

ಮೆಕ್ಯಾನಿಕ್: ಮೇಲೆ ಓದಿ.

ಸಾಗರ: ಇನ್ನೊಂದು ಫಾರ್ವರ್ಡ್. ಎಂಜಿನ್ನಿಗೆ ಕಾಲು ಲೀಟರ್ ಗೇರ್ ಆಯಿಲ್...

ಮೆಕ್ಯಾನಿಕ್: ಹಾಕಬೇಡಿ. ಫಾರ್ವರ್ಡ್ ಇಲ್ಲಿ ತರಬೇಡಿ.

ಸಾಗರ: ಕೇಳುವುದಕ್ಕೇ ತಾನೇ ಈ ಗ್ರೂಪ್ ಇರೋದು? ಇಷ್ಟು ಸಿಡುಕು ಯಾಕೆ?

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ.

ಚನ್ನಗಿರಿ: ಎಲ್‌ಪಿಜಿ ಪ್ರಶ್ನೆ ಕೇಳಿದ್ದೆ.

ರಿಪ್ಪನ್‌ಪೇಟೆ: ಅಣ್ಣ, ಕೀ ತೆಗೆದಿಟ್ಟೆ. ನಾಳೆ ಜೀಪಿಗೆ ಹಗ್ಗ ಕಟ್ಟಿ ಎಳೆದು ತರಲಾ?

ಮೆಕ್ಯಾನಿಕ್: ಹಗ್ಗ ಬೇಡ. ಎಂಜಿನ್ ಆಫ್ ಇದ್ದರೆ ಬ್ರೇಕ್, ಸ್ಟೇರಿಂಗ್ ಎರಡೂ ಗಟ್ಟಿ. ಗೇರಿನಲ್ಲಿ ಎಳೆದರೆ ಎಂಜಿನ್ ತಿರುಗಿ ಮತ್ತೆ ಹೊತ್ತಿಕೊಳ್ಳಬಹುದು. ಟ್ರಕ್ ಮೇಲೆ ಹಾಕಿಸಿ. ಬ್ಯಾಟರಿ ವೈರ್ ಬಿಚ್ಚಿಡಿ. ಬೆಳಿಗ್ಗೆ ನಿಮ್ಮ ಕಾರನ್ನೇ ಮೊದಲು ನೋಡುತ್ತೇನೆ.