ಟರ್ಬೊ ಸ್ನೋಮೊಬೈಲ್ ಬಿಚ್ಚಿದ್ದೇನೆ: ಕೊಳವೆಯಲ್ಲಿ ಎಣ್ಣೆ, ಶಾಫ್ಟ್‌ನಲ್ಲಿ ಅಲುಗಾಟ. ಟರ್ಬೊ ಹೋಯಿತೇ?

ಪ್ರಶ್ನೆ ಕೇಳಿದವರು:
ಹಿಮದ ಕಾಲ ಮುಗಿಯಿತು. ಹಿಮದ ಮೇಲೆ ಬೆಟ್ಟ ಹತ್ತುವ 850 ಸಿಸಿ ಟೂ-ಸ್ಟ್ರೋಕ್ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಗಾಡಿಯ ಭಾಗಗಳನ್ನು ಸುತ್ತ ಹರಡಿಕೊಂಡು ಕುಳಿತಿದ್ದೇನೆ. ಕೊನೆಯ ಮೂರು ಸವಾರಿಗಳಲ್ಲಿ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) 8 ಪಿಎಸ್‌ಐ ತಲುಪದೆ 5ರಲ್ಲೇ ನಿಲ್ಲುತ್ತಿತ್ತು. 3000 ಮೀಟರ್ ಎತ್ತರದ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತಿತ್ತು. ಈಗ ನೋಡಿದರೆ ಟರ್ಬೊದಿಂದ ಎಂಜಿನ್‌ಗೆ ಹೋಗುವ ಕೊಳವೆಯಲ್ಲಿ ಒಂದೆರಡು ಚಮಚ ಎಣ್ಣೆ ನಿಂತಿದೆ. ಟರ್ಬೊದ ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ನಟ್ಟು ಹಿಡಿದು ಅಲುಗಿಸಿದರೆ ಶಾಫ್ಟ್ ಪಕ್ಕಕ್ಕೆ ಸರಿಯುತ್ತದೆ. ಹೊಸ ಟರ್ಬೊ ತರಿಸಿಬಿಡಲೇ?

ಉತ್ತರ 1:
ಸ್ವಲ್ಪ ತಡೆಯಿರಿ. ಪಕ್ಕಕ್ಕೆ ಅಲುಗುವುದು ರೋಗವಲ್ಲ. ಗುಂಡುಗಳಿಲ್ಲದ ಬುಷ್ ಮಾದರಿಯ ಬೇರಿಂಗ್ ಇರುವ ಟರ್ಬೊದಲ್ಲಿ ಶಾಫ್ಟ್ ತೇಲುವುದು ಎಣ್ಣೆಯ ಪದರದ ಮೇಲೆ. ಎಂಜಿನ್ ನಿಂತಾಗ ಆ ಪದರ ಇರುವುದಿಲ್ಲ, ಹಾಗಾಗಿ ಬೆರಳಿಗೆ ಸಡಿಲ ಸಿಕ್ಕೇ ಸಿಗುತ್ತದೆ. ಶಾಫ್ಟನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತಳ್ಳಿ ನೋಡಿ. ಆ ದಿಕ್ಕಿನಲ್ಲಿ ಅಲುಗಾಟ ಕೈಗೆ ಗೊತ್ತಾಗುವಷ್ಟಿದ್ದರೆ ಆಗ ಚಿಂತೆ ಮಾಡೋಣ. ಪಕ್ಕಕ್ಕೆ ಒತ್ತಿ ಹಿಡಿದು ತಿರುಗಿಸಿದಾಗ ಚಕ್ರದ ರೆಕ್ಕೆ ಗೋಡೆಗೆ ಉಜ್ಜುತ್ತದೆಯೇ? ರೆಕ್ಕೆಯ ಅಂಚು ಸವೆದು ಹೊಳೆಯುತ್ತದೆಯೇ? ಇನ್ನೊಂದು ಮಾತು: ಈ ವರ್ಷ ಗಾಡಿ ಎಲ್ಲಾದರೂ ಮಗುಚಿ ಬಿದ್ದಿತ್ತೇ?

ಪ್ರಶ್ನೆ ಕೇಳಿದವರು:
ಹಿಂದೆ ಮುಂದೆ ಏನೂ ಅಲುಗುವುದಿಲ್ಲ. ರೆಕ್ಕೆಗಳು ಚೆನ್ನಾಗಿವೆ. ಮಗುಚಿದ್ದು ನಿಜ. ಮರದ ಬುಡದ ಗುಂಡಿಯಲ್ಲಿ ತಲೆಕೆಳಗಾಗಿ ಅರ್ಧ ಗಂಟೆ ಬಿದ್ದಿತ್ತು. ಅಗೆದು ತೆಗೆಯುವಷ್ಟರಲ್ಲಿ ನಾನೇ ಅರ್ಧ ಸತ್ತಿದ್ದೆ.

ಉತ್ತರ 1:
ಹಾಗಾದರೆ ಎಣ್ಣೆಯ ಮೂಲ ಬಹುಶಃ ಅದೇ. ಕೊಳವೆಯನ್ನು ಒರೆಸಿ, ಸೋರಿಕೆ ಪರೀಕ್ಷೆ ಮಾಡಿ. ಟರ್ಬೊದ ಗಾಳಿ ಸೇದುವ ಬಾಯಿಗೆ ಮುಚ್ಚಳ ಹಾಕಿ, ಅದರ ಮೂಲಕ ಒತ್ತಡ ಹೊಂದಿಸುವ ರೆಗ್ಯುಲೇಟರ್ ಇರುವ ಗ್ಯಾರೇಜಿನ ಗಾಳಿ ಕಂಪ್ರೆಸರ್‌ನಿಂದ ಗಾಳಿ ಬಿಡಿ. ಕಾರಿನವರು ಹೇಳುವಂತೆ ಕೊಳವೆಯನ್ನು ಎಂಜಿನ್‌ಗೆ ಸೇರಿಸಿಯೇ ಪರೀಕ್ಷಿಸಬೇಡಿ. ಟೂ-ಸ್ಟ್ರೋಕ್‌ನಲ್ಲಿ ಗಾಳಿ ರೀಡ್ ವಾಲ್ವ್ (ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ತೆಳು ಎಲೆಗಳು) ದಾಟಿ ಸಿಲಿಂಡರ್ ಗೋಡೆಯ ತೂತುಗಳಾದ ಪೋರ್ಟ್‌ಗಳ ಮೂಲಕ ಸೈಲೆನ್ಸರ್‌ನಿಂದ ಹೊರಟುಹೋಗುತ್ತದೆ. ಒತ್ತಡ ನಿಲ್ಲುವುದೇ ಇಲ್ಲ, ನೀವು ಇಲ್ಲದ ಸೋರಿಕೆ ಹುಡುಕುತ್ತಾ ಸಂಜೆ ಕಳೆಯುತ್ತೀರಿ. ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ಬಾಡಿಯ ಬಳಿ ಕೊಳವೆ ಬಿಚ್ಚಿ ಆ ತುದಿಗೂ ಬಿರಡೆ ಬಿಗಿದು, 5ರಿಂದ 8 ಪಿಎಸ್‌ಐವರೆಗೆ ನಿಧಾನವಾಗಿ ಏರಿಸಿ. ಪ್ರತಿ ಜೋಡಣೆಗೂ ಸಾಬೂನು ನೀರು ಸಿಂಪಡಿಸಿ. ಬಿರಡೆಯ ಎದುರಿಗೆ ಮುಖ ಇಡಬೇಡಿ.

ಎಕ್ಸಾಸ್ಟ್ ಪೈಪು ಟರ್ಬೊಗೆ ಸೇರುವ ಉಂಗುರದ ಗ್ಯಾಸ್ಕೆಟನ್ನೂ ನೋಡಿ. ಅಲ್ಲಿ ಮಸಿ ಕಟ್ಟಿದ್ದರೆ ಟರ್ಬೊ ತಿರುಗಿಸಬೇಕಾದ ಬಿಸಿ ಅನಿಲ ಹೊರಗೆ ಪೋಲಾಗುತ್ತಿದೆ ಎಂದರ್ಥ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಎಣ್ಣೆಯ ಹೊಣೆಯನ್ನೆಲ್ಲ ಮಗುಚಿದ್ದಕ್ಕೆ ಹೊರಿಸಬೇಡಿ. ಟರ್ಬೊಗೆ ಎಣ್ಣೆ ಕೊಡುವ ದಾರಿಯಲ್ಲಿ ಏಕಮುಖ ವಾಲ್ವ್ ಇದ್ದರೆ, ಅದರಲ್ಲಿ ಕಸ ಸಿಕ್ಕಿ ತೆರೆದೇ ಉಳಿದಾಗ ನಿಂತ ಗಾಡಿಯಲ್ಲೂ ಎಣ್ಣೆ ಇಳಿಯುತ್ತಿರುತ್ತದೆ. ಒರೆಸಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ನೋಡಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ನಂತರದ ರಬ್ಬರ್ ಜೋಡಣೆ ಎಣ್ಣೆಯಲ್ಲಿ ನೆನೆದು ಅರ್ಧ ಬೆರಳು ಜಾರಿದೆ. ಕ್ಲಾಂಪ್ ಓರೆಯಾಗಿ ಕೂತು ಕೆಳಬದಿಯಲ್ಲಿ ರಬ್ಬರನ್ನು ಸೀಳಿದೆ. 4 ಪಿಎಸ್‌ಐಗೆ ಗುಳ್ಳೆಗಳು ಬುರುಬುರು ಎದ್ದವು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ವಾರ ಕಳೆದರೂ ಕೊಳವೆ ಒಣಗಿಯೇ ಇದೆ. ಆದರೆ 3 ಪಿಎಸ್‌ಐ ಕಡಿಮೆಯಾದರೆ ಇಷ್ಟೊಂದು ಸೋಲುತ್ತದೆಯೇ?

ಉತ್ತರ 1:
ಸೋಲುತ್ತದೆ. 3000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70 ಮಾತ್ರ. ಎತ್ತರವೇ ನಾಲ್ಕೂಕಾಲು ಪಿಎಸ್‌ಐಗಿಂತ ಹೆಚ್ಚು ಕಿತ್ತುಕೊಂಡಿರುತ್ತದೆ. ನಿಮ್ಮ 5ರಲ್ಲಿ ಆ ಸಾಲ ತೀರಿಸಿದರೆ ಉಳಿಯುವುದು ಪುಡಿಗಾಸು. ಅಷ್ಟು ಸಾಲದೆಂಬಂತೆ, ಸೋರಿದ್ದನ್ನು ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ, ಗಾಳಿ ಇನ್ನೂ ಬಿಸಿಯಾಗುತ್ತದೆ. ಹೊಸ ರಬ್ಬರ್ ಹಾಕುವ ಮುನ್ನ ಎರಡೂ ತುದಿಗಳ ಎಣ್ಣೆ ಪೂರ್ತಿ ತೆಗೆಯಿರಿ, ಇಲ್ಲವಾದರೆ ಅದೂ ಜಾರುತ್ತದೆ.

ಪಿಸ್ಟನ್‌ಗಳನ್ನು ಎಕ್ಸಾಸ್ಟ್ ಪೋರ್ಟ್‌ನಿಂದ ನೋಡಿದಿರಾ?

ಪ್ರಶ್ನೆ ಕೇಳಿದವರು:
ನೋಡಿದೆ. ಎಡಗಡೆಯದರಲ್ಲಿ ಸಣ್ಣ ಉದ್ದಗೆರೆಗಳಿವೆ, ಉಗುರಿಗೆ ಸಿಗುವುದಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಎರಡರಲ್ಲೂ ಹೆಚ್ಚುಕಡಿಮೆ ಸಮ.

ಉತ್ತರ 1:
ಉಗುರಿಗೆ ಸಿಗದಿದ್ದರೆ ಬಿಡಿ. ನಾಲ್ಕು ಮೂಲೆಗಳಲ್ಲಿ ಉಜ್ಜಿದ ಗುರುತಿದ್ದಿದ್ದರೆ, ಎಂಜಿನ್ ಬಿಸಿಯಾಗುವ ಮೊದಲೇ ಥ್ರಾಟಲ್ ಒತ್ತಿದ್ದೀರಿ ಎಂದು ಬೈಯುತ್ತಿದ್ದೆ. ರೀಡ್‌ಗಳ ಅಂಚು ಮುರಿದಿದೆಯೇ ನೋಡಿ, ಎಕ್ಸಾಸ್ಟ್ ಪೋರ್ಟ್‌ನ ಎತ್ತರ ಬದಲಿಸುವ ಎಕ್ಸಾಸ್ಟ್ ವಾಲ್ವ್‌ಗಳ ಇಂಗಾಲ ಕೆರೆದು ತೆಗೆಯಿರಿ. ಬೆಲ್ಟ್ ಹಿಡಿಯುವ ಕ್ಲಚ್ಚಿನ ತಟ್ಟೆಗಳಿಗೆ ಯಾವ ಗ್ರೀಸೂ ಬೇಡ.

ಉತ್ತರ 2:
ಒಂದು ಕೋರಿಕೆ: ಬೇಸಿಗೆಯಲ್ಲಿ ‘ತಿಂಗಳಿಗೊಮ್ಮೆ ಚಾಲೂ ಮಾಡಿ’ ಎನ್ನುವವರ ಮಾತು ಕೇಳಬೇಡಿ. ಈ ಗಾಡಿಯ ಕೂಲೆಂಟ್ ತಣ್ಣಗಾಗುವುದು ಟ್ರ್ಯಾಕ್ (ಗಾಡಿಯ ಕೆಳಗಿನ ರಬ್ಬರ್ ಪಟ್ಟಿ) ಎರಚುವ ಹಿಮದಿಂದ. ಹಿಮವಿಲ್ಲದೆ ಹೆಚ್ಚು ಹೊತ್ತು ಓಡಿಸಿದರೆ ಕುದಿಯುತ್ತದೆ, ಸ್ವಲ್ಪವೇ ಓಡಿಸಿದರೆ ಒಳಗೆ ತೇವ ಕೂರುತ್ತದೆ. ಇಂಧನ ಕೆಡದಂತೆ ಅದಕ್ಕೆ ಸ್ಟೆಬಿಲೈಸರ್ ಬೆರೆಸಿ ಕೊನೆಯದಾಗಿ ಒಮ್ಮೆ ಓಡಿಸಿ, ಸಿಲಿಂಡರ್‌ಗಳಿಗೆ ತುಕ್ಕು ತಡೆಯುವ ಫಾಗಿಂಗ್ ಎಣ್ಣೆ ಬಿಟ್ಟು ಮಲಗಿಸಿ. ಟ್ರ್ಯಾಕ್ ಸಡಿಲಿಸಿ. ಟರ್ಬೊದ ಬಾಯಿಗೂ ಸೈಲೆನ್ಸರ್‌ಗೂ ಬಟ್ಟೆ ತುರುಕಿ. ಇಲಿ ಕೂಡಿಟ್ಟ ಒಂದು ಕಾಳು ಸಾಕು, ಕಂಪ್ರೆಸರ್ ಚಕ್ರದ ಕಥೆ ಮುಗಿಯಲು.

ಪ್ರಶ್ನೆ ಕೇಳಿದವರು:
ಕೆಂಪು ಬಟ್ಟೆಯನ್ನೇ ತುರುಕಿದ್ದೇನೆ. ಅದರ ಬಾಲವನ್ನು ಹ್ಯಾಂಡಲ್‌ಗೆ ಕಟ್ಟಿ, ಕೀಲಿಯನ್ನೂ ಅದೇ ಗಂಟಿನಲ್ಲಿ ಸೇರಿಸಿದ್ದೇನೆ.