ಚರ್ಚಿನ ಮುಂದೆ ಬಾವಿಕಟ್ಟೆಯ ಶಿಲ್ಪ: ಊರಿಗೆ ಅದರಿಂದ ಏನು ದಕ್ಕೀತು?

ಪ್ರಶ್ನೆ: ಸಭೆಯ ಸದಸ್ಯ, ಬೀದರ್

ನಮ್ಮ ಮೆಥೋಡಿಸ್ಟ್ ಸಭೆಯವರು ಚರ್ಚಿನ ಮುಂಭಾಗದಲ್ಲಿ, ದಾರಿಹೋಕರಿಗೂ ಕಾಣುವಂತೆ, ಒಂದು ಶಿಲ್ಪವನ್ನು ಮಾಡಿಸಬೇಕೆಂದಿದ್ದಾರೆ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು ಯಾಕೋಬನ ಬಾವಿಯ ಬಳಿ ಸಮಾರ್ಯದ ಸ್ತ್ರೀಯನ್ನು ಕುಡಿಯಲು ನೀರು ಕೇಳುವ ಸಂದರ್ಭವೇ ಅದರ ವಸ್ತು. ಹಿರಿಯರಲ್ಲಿ ಕೆಲವರು, ಮೂರ್ತಿಗಳನ್ನು ಮಾಡಿ ಪೂಜಿಸಬಾರದೆನ್ನುವ ದಶಾಜ್ಞೆಗಳನ್ನು ನೆನಪಿಸಿ ವಿರೋಧಿಸುತ್ತಿದ್ದಾರೆ. ಯುವಕರು ಅದು ಬಿದರಿ ಕೆಲಸದಲ್ಲೇ ಆಗಬೇಕೆನ್ನುತ್ತಾರೆ. ಸಭೆಗೆ ಸೇರದ ಊರಿನವರಿಗೆ ಇದು ಹೇಗೆ ಅರ್ಥವಾದೀತು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಬಿದರಿ ಕಸುಬಿನವರು, ಬೀದರ್

ಕಸುಬಿನ ಮಟ್ಟಿಗೆ ಮಾತ್ರ ಹೇಳುತ್ತೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಸೇರಿದ ಬಿಸಿನೀರಿನಲ್ಲಿ ಅದ್ದಿದಾಗ ಬರುವ ಆ ಕಪ್ಪು, ಕೈಯಲ್ಲಿ ಹಿಡಿದು ನೋಡುವ ವಸ್ತುವಿಗೆ ಒಪ್ಪುವಂಥದ್ದು. ಆಗಾಗ ಎಣ್ಣೆ ಸವರಿ ಕಾಪಾಡಬೇಕಾದದ್ದು. ಬೀದರಿನ ಬಿಸಿಲು ಮಳೆಗೆ ಅದನ್ನು ಒಡ್ಡಬೇಡಿರಿ. ಹೊರಗಡೆಗೆ ಕರಿಕಲ್ಲು ಉತ್ತಮ. ಇಲ್ಲಿನ ಕೆಂಪು ಜಂಬಿಟ್ಟಿಗೆ ಕಟ್ಟೆ ಕಟ್ಟಲು ಸರಿ, ಆದರೆ ರಂಧ್ರಗಳಿರುವುದರಿಂದ ಮುಖದ ನಯ ಅದರಲ್ಲಿ ಮೂಡುವುದಿಲ್ಲ.

ಉತ್ತರ: ಚಿತ್ರಕಲಾ ಶಿಕ್ಷಕಿ, ಕಲಬುರಗಿ

ವಿರೋಧಕ್ಕೆ ಅಂಜಬೇಕಾಗಿಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್‌ನ ಸೇಂಟ್ ಮ್ಯಾಥ್ಯೂ ಚರ್ಚಿಗಾಗಿ ಪಾದ್ರಿ ವಾಲ್ಟರ್ ಹಸ್ಸಿಯವರು ಹೆನ್ರಿ ಮೂರ್ ಅವರಿಂದ ತಾಯಿ ಮಗುವಿನ ಶಿಲ್ಪವನ್ನು ಮಾಡಿಸಿ 1944ರಲ್ಲಿ ಅನಾವರಣಗೊಳಿಸಿದಾಗ, ಸ್ಥಳೀಯ ಪತ್ರಿಕೆಗೆ ಆಕ್ಷೇಪದ ಪತ್ರಗಳು ಬಂದಿದ್ದವು; ಇಂದು ಆ ಚರ್ಚಿನ ಹೆಸರು ಹೊರಗಿನವರಿಗೆ ತಿಳಿದಿರುವುದು ಬಹುಮಟ್ಟಿಗೆ ಅದೇ ಕಲ್ಲಿನಿಂದ. ಕೆನಡಾದ ಟಿಮೊಥಿ ಶ್ಮಾಲ್ಜ್ ಅವರ ಶಿಲ್ಪದಲ್ಲಿ ಯೇಸು ಕಂಬಳಿ ಹೊದ್ದು ಬೆಂಚಿನ ಮೇಲೆ ಮಲಗಿದ್ದಾನೆ; ಪಾದದ ಗಾಯಗಳಿಂದ ಮಾತ್ರ ಗುರುತು. ಅಮೆರಿಕದ ಡೇವಿಡ್‌ಸನ್ ಊರಿನ ಚರ್ಚೊಂದರ ಮುಂದೆ ಅದನ್ನಿಟ್ಟಾಗ, ಯಾರೋ ನಿರ್ಗತಿಕ ಮಲಗಿದ್ದಾನೆಂದು ಒಬ್ಬರು ಪೊಲೀಸರನ್ನೇ ಕರೆದರಂತೆ. ಕಾಲುದೆಸೆಯಲ್ಲಿ ಮತ್ತೊಬ್ಬರು ಕೂರುವಷ್ಟು ಜಾಗವನ್ನು ಶಿಲ್ಪಿ ಬೇಕೆಂದೇ ಬಿಟ್ಟಿದ್ದಾನೆ. ನಿಮ್ಮ ಬಾವಿಕಟ್ಟೆಯೂ ಜನ ಕೂರುವಂಥದ್ದಾಗಲಿ, ಸುತ್ತ ಬೇಲಿ ಬೇಡ.

ಉತ್ತರ: ನಿವೃತ್ತ ಅಧ್ಯಾಪಕ, ಹುಮನಾಬಾದ್

ಈ ಭಾಗದ ಕ್ರೈಸ್ತರಲ್ಲಿ ಬಹುಪಾಲು ಜನರ ಹಿಂದಿನ ತಲೆಮಾರಿನವರು ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಸುರಿದಾರೆಂದು ದೂರ ನಿಂತು ಕಾಯಬೇಕಿತ್ತು. ಅಂಥವರಿಗೆ, ಸಮಾರ್ಯದವರೊಡನೆ ಬಳಕೆಯನ್ನೇ ಇಟ್ಟುಕೊಳ್ಳದಿದ್ದ ಯೆಹೂದ್ಯರಲ್ಲಿ ಒಬ್ಬನು ಸಮಾರ್ಯದವಳ ಕೈನೀರು ಕೇಳಿದನೆಂಬ ಕಥೆ ಬರಿಯ ಪ್ರಸಂಗವಾಗಿರಲಿಲ್ಲ. ನಾನಕ್ ಝಿರಾದಲ್ಲಿ ಗುರು ನಾನಕರಿಂದ ಸಿಹಿನೀರಿನ ಬುಗ್ಗೆ ಹೊಮ್ಮಿತೆಂದು ನಂಬುವ, ನೆಲದಡಿಯಲ್ಲಿ ನೀರು ಹರಿಸುವ ಬಹಮನಿ ಕಾಲದ ಸುರಂಗಬಾವಿಯಿರುವ ಊರಿನಲ್ಲಿ ನೀರಿನ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯರ ಸಂಕೋಚಕ್ಕೂ ಅದೇ ಅಧ್ಯಾಯದಲ್ಲಿ ದಾರಿಯಿದೆ. ಆ ಸ್ತ್ರೀ ತನ್ನ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋದಳೆಂದು 28ನೆಯ ವಚನ ಹೇಳುತ್ತದೆ. ಬಾವಿಕಟ್ಟೆ ಮತ್ತು ಬಿಟ್ಟುಹೋದ ಕೊಡ ಇಷ್ಟನ್ನೇ ಕಡೆಸಿದರೆ ಕೈಮುಗಿಯುವುದಕ್ಕೆ ಮೂರ್ತಿಯೇ ಇರುವುದಿಲ್ಲ. ಪಕ್ಕದಲ್ಲಿ ನಲ್ಲಿಯೊಂದನ್ನಿಟ್ಟು ಅರವಟ್ಟಿಗೆ ಮಾಡಿರಿ. ಜಾಗ ಮಾತ್ರ ಚರ್ಚಿನ ಆವರಣದೊಳಗೇ ಇರಲಿ. ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ.

ಉತ್ತರ: ಚಿತ್ರಕಲಾ ಶಿಕ್ಷಕಿ, ಕಲಬುರಗಿ

ಸರ್, ಕೊಡದ ಮಾತು ಬಹಳ ಚೆನ್ನಾಗಿದೆ. ಆದರೆ ಆ ಹೆಂಗಸನ್ನೇ ಬಿಟ್ಟುಬಿಡುವುದಕ್ಕೆ ನನ್ನ ಮನಸ್ಸು ಒಪ್ಪದು. ಇಷ್ಟು ದಿನ ಬಾವಿಯಿಂದ ದೂರ ನಿಂತವಳನ್ನು ಕಲ್ಲಿನಲ್ಲಾದರೂ ಕಟ್ಟೆಯ ಮೇಲೆ ಕೂರಿಸಬಾರದೇ?

ಪ್ರಶ್ನೆ ಕೇಳಿದವರು, ಬೀದರ್

ಎಲ್ಲರಿಗೂ ವಂದನೆಗಳು. ಬಿದರಿಯ ಪ್ರಸ್ತಾಪವನ್ನು ಕೈಬಿಡುತ್ತೇವೆ. ಕೊಡ ಮಾತ್ರವೇ, ಹೆಂಗಸೂ ಇರಬೇಕೇ ಎಂಬುದನ್ನು ಸ್ತ್ರೀಯರ ಕೂಟದವರು ತೀರ್ಮಾನಿಸಲೆಂದು ಸಭಾಪಾಲಕರಲ್ಲಿ ಕೇಳಿಕೊಳ್ಳುತ್ತೇನೆ.